ಬೆಂಗಳೂರಿಂದ ಕಾರಲ್ಲಿ ಎರಡು ದಿನ ಚಿತ್ರದುರ್ಗ, ದಾವಣಗೆರೆ: ಏನು ನೋಡೋದು, ಎಲ್ಲಿ ಏನು ತಿನ್ನೋದು?

ನಿಮ್ಮ ಪ್ರಶ್ನೆ ಓದಿದೆ. ಶನಿವಾರ, ಭಾನುವಾರ ಎರಡೇ ದಿನ. ಕಾರಲ್ಲಿ ನೀವಿಬ್ಬರು, ಎಪ್ಪತ್ತು ದಾಟಿದ ಅಪ್ಪ-ಅಮ್ಮ, ಎಂಟು ಮತ್ತು ಹನ್ನೊಂದು ವರ್ಷದ ಮಕ್ಕಳು. ಬೆಳಿಗ್ಗೆ ಎಂಟಕ್ಕೆ ಬೆಂಗಳೂರು ಬಿಟ್ಟು, ಹನ್ನೆರಡಕ್ಕೆ ಕೋಟೆ ಹತ್ತಿ, ಮೂರು ಗಂಟೆಗೆ ದಾವಣಗೆರೆಯಲ್ಲಿ ಬೆಣ್ಣೆ ದೋಸೆ ತಿಂದರೆ ಹೇಗೆ ಅಂತ ಕೇಳಿದ್ದೀರಿ.

ಬೇಜಾರು ಮಾಡ್ಕೋಬೇಡಿ, ಓದಿ ನಗು ಬಂತು. ನಮ್ಮಣ್ಣ ಒಂದು ಏಪ್ರಿಲ್‌ನಲ್ಲಿ ಇದೇ ಪ್ಲ್ಯಾನ್ ಹಾಕಿಕೊಂಡು ಅಪ್ಪ, ಅಮ್ಮ, ಅತ್ತಿಗೆ, ಮಕ್ಕಳನ್ನೆಲ್ಲ ಕರೆದುಕೊಂಡು ಬಂದಿದ್ದ. ನಾನು ದಾವಣಗೆರೆಯಿಂದ ಬಸ್ ಹತ್ತಿ ದುರ್ಗಕ್ಕೆ ಹೋಗಿ ಅವರನ್ನು ಸೇರಿಕೊಂಡೆ. ಹನ್ನೆರಡೂವರೆಗೆ ಕೋಟೆ ಬಾಗಿಲಲ್ಲಿ ನಿಂತಿದ್ದೆವು. ಅಲ್ಲಿ ಇರೋದೆಲ್ಲ ಕಲ್ಲು. ನೆಲ ಕಲ್ಲು, ಗೋಡೆ ಕಲ್ಲು, ಸುತ್ತ ಬಂಡೆ. ಮೇಲಿನ ಬಿಸಿಲಿಗಿಂತ ಕೆಳಗಿನ ಕಾವೇ ಜಾಸ್ತಿ. ಅಪ್ಪ ಎರಡನೇ ಬಾಗಿಲು ದಾಟಿದವರೇ ನೆರಳು ನೋಡಿ ಕೂತುಬಿಟ್ಟರು. "ನೀವು ಹೋಗ್ಬನ್ನಿ, ನಾನು ಮದಕರಿ ನಾಯಕನ ಪರವಾಗಿ ಇಲ್ಲೇ ಕಾವಲು ಇರ್ತೀನಿ" ಅಂದರು. ಅಮ್ಮನೂ ಅವರ ಪಕ್ಕದಲ್ಲೇ ಕೂತರು. ಮಕ್ಕಳು ಅರ್ಧ ದಾರಿಯಲ್ಲಿ ನೀರು ಖಾಲಿ ಮಾಡಿ ಅಳೋಕೆ ಶುರು. ಓಬವ್ವನ ಕಿಂಡಿ ಕೂಡ ನೋಡದೆ ಇಳಿದೆವು.

ಅಷ್ಟಕ್ಕೇ ಮುಗಿಯಲಿಲ್ಲ. ದಾವಣಗೆರೆ ತಲುಪಿದಾಗ ಮೂರು ಗಂಟೆ. ನಾನು ನಂಬಿದ್ದ ದೋಸೆ ಹೋಟೆಲಿನವರು ಒಲೆ ಆರಿಸಿ, ಬೆಂಚು ಮೇಲೆತ್ತಿ, ನೆಲ ಒರೆಸುತ್ತಿದ್ದರು. ಮಧ್ಯಾಹ್ನ ಹೀಗೆ ಮುಚ್ಚೋದು ನಮ್ಮೂರಲ್ಲಿ ಹೊಸದಲ್ಲ. ಊರವಳಾದ ನಾನೇ ಮರೆತಿದ್ದೆ. ಹಸಿವು ತಡೆಯದೆ ಅಣ್ಣ ಕಾರನ್ನು ಹೆದ್ದಾರಿ ಕಡೆ ತಿರುಗಿಸಿ, ದೊಡ್ಡ ಬೋರ್ಡ್ ಕಂಡ ಕಡೆ ನಿಲ್ಲಿಸಿದ. ಬೋರ್ಡಲ್ಲಿ ಬೆಣ್ಣೆ ಇತ್ತು, ದೋಸೆಯಲ್ಲಿ ಇರಲಿಲ್ಲ. ವನಸ್ಪತಿ ವಾಸನೆ. ಅತ್ತಿಗೆ ಮರ್ಯಾದೆಗೆ ಅರ್ಧ ತಿಂದು, "ಇದಕ್ಕಿಂತ ನಮ್ಮ ಏರಿಯಾದ್ದೇ ಚೆನ್ನಾಗಿದೆ" ಅಂದಳು. ದಾವಣಗೆರೆಯವಳಿಗೆ ಅದನ್ನು ಕೇಳಿಸಿಕೊಳ್ಳೋದು ಎಷ್ಟು ಕಷ್ಟ ಅಂತ ನಿಮಗೆ ಗೊತ್ತಾಗಲ್ಲ ಬಿಡಿ.

ಆಮೇಲೆ ಅದೇ ಊರುಗಳಿಗೆ ಅದೇ ಜನರನ್ನು ಬೇರೆ ಕ್ರಮದಲ್ಲಿ ಸುತ್ತಿಸಿದೆ. ಆ ಕ್ರಮವನ್ನೇ ಹೇಳುತ್ತೇನೆ. ಕೋಟೆಯನ್ನು ಮೊದಲ ದಿನ ಬೆಳಿಗ್ಗೆ ನೋಡಿ. ದೋಸೆಯನ್ನು ಎರಡನೇ ದಿನ ಬೆಳಿಗ್ಗೆ ತಿನ್ನಿ. ಎರಡನ್ನೂ ಒಂದೇ ದಿನಕ್ಕೆ ತುರುಕಬೇಡಿ.

ಬೆಳಿಗ್ಗೆ ಐದಕ್ಕೆ ಬೆಂಗಳೂರು ಬಿಡಿ. ಮಕ್ಕಳನ್ನು ನಿದ್ದೆಯಲ್ಲೇ ಎತ್ತಿ ಕಾರಲ್ಲಿ ಮಲಗಿಸಿದರೆ ಆಯ್ತು. ತುಮಕೂರಿನ ಹತ್ತಿರ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ. ಅದೂ ಬೆಣ್ಣೆ ಹಾಕಿಯೇ ಕೊಡುತ್ತಾರೆ, ಆದರೆ ಒಬ್ಬರಿಗೆ ಎರಡಕ್ಕೆ ನಿಲ್ಲಿಸಿ, ಮುಂದೆ ಹತ್ತೋದು ಇದೆ. ಬೆಂಗಳೂರಿಂದ ದುರ್ಗಕ್ಕೆ ಸುಮಾರು 200 ಕಿ.ಮೀ. ಎಲ್ಲೂ ಜಾಸ್ತಿ ನಿಲ್ಲಿಸದಿದ್ದರೆ ಎಂಟೂವರೆ, ಒಂಬತ್ತರ ಒಳಗೆ ಕೋಟೆ ಮುಂದೆ ಇರುತ್ತೀರಿ. ಹಿರಿಯೂರು ಹತ್ತಿರ ವಾಣಿವಿಲಾಸ ಸಾಗರದ ಬೋರ್ಡ್ ಕಾಣುತ್ತದೆ. ಹೋಗುವಾಗ ಆ ಕಡೆ ತಿರುಗಬೇಡಿ, ಬರುವಾಗ ಸಮಯ ಉಳಿದರೆ ನೋಡಿ. ವೇದಾವತಿ ನದಿಗೆ ಎರಡು ಗುಡ್ಡಗಳ ನಡುವೆ ಕಟ್ಟಿದ ಕಟ್ಟೆ, 1907ರಲ್ಲಿ ಮುಗಿದದ್ದು. ನಮ್ಮ ಕಡೆ ಹಳಬರು ಈಗಲೂ ಮಾರಿ ಕಣಿವೆ ಅಂತಲೇ ಕರೆಯೋದು. 1933ರಲ್ಲಿ ಕೋಡಿ ಬಿದ್ದದ್ದು ಮತ್ತೆ ಬಿದ್ದದ್ದು 2022ರಲ್ಲಿ. ಆಗ ಇಡೀ ಜಿಲ್ಲೆಯೇ ಜಾತ್ರೆಗೆ ಹೋದ ಹಾಗೆ ನೋಡೋಕೆ ಹೋಗಿತ್ತು.

ಈಗ ಕೋಟೆ. ಟಿಕೆಟ್ ಇದೆ, 15 ವರ್ಷದೊಳಗಿನ ಮಕ್ಕಳಿಗೆ ಇಲ್ಲ. ಒಬ್ಬರಿಗೆ ಒಂದು ಬಾಟಲಿ ನೀರು ಇರಲಿ, ಒಳಗೆ ಹೋದ ಮೇಲೆ ಅಂಗಡಿ ನಂಬಿಕೊಳ್ಳಬೇಡಿ. ತಿಂಡಿ ಇದ್ದರೆ ಬ್ಯಾಗಿನ ಒಳಗೇ ಇರಲಿ, ಕೋತಿಗಳಿಗೆ ಕವರ್ ಸದ್ದು ಸಾಕು. ಗೈಡ್ ಸಿಕ್ಕರೆ ಮಾಡಿಕೊಳ್ಳಿ. ಇಲ್ಲದಿದ್ದರೆ ಮಕ್ಕಳಿಗೆ ಇದು ಸುಮ್ನೆ ಕಲ್ಲಿನ ರಾಶಿ ಥರ ಕಾಣುತ್ತದೆ. ದುಡ್ಡು ಎಷ್ಟು, ಎಲ್ಲೆಲ್ಲಿ ತೋರಿಸುತ್ತಾರೆ ಅನ್ನೋದನ್ನು ಕೆಳಗೇ ಮಾತಾಡಿ ಮುಗಿಸಿ.

ಏಳು ಸುತ್ತಿನ ಕೋಟೆ ಅಂತ ಹೆಸರು. ಕೆಳಗಿನ ಸುತ್ತುಗಳು ಊರೊಳಗೇ ಸೇರಿಹೋಗಿವೆ, ನೀವು ನೋಡೋದು ಮೇಲಿನವನ್ನು. ಬಾಗಿಲು ದಾಟುವಾಗ ಮಕ್ಕಳಿಗೆ ಒಂದು ವಿಷಯ ತೋರಿಸಿ. ದಾರಿ ನೇರ ಇಲ್ಲ, ಬಾಗಿಲಿಂದ ಬಾಗಿಲಿಗೆ ಹಾವಿನ ಹಾಗೆ ತಿರುಗುತ್ತದೆ. ಆನೆ ದೂರದಿಂದ ಓಡಿಬಂದು ಬಾಗಿಲಿಗೆ ಗುದ್ದಬಾರದು ಅಂತ ಈ ಉಪಾಯ. ಇದನ್ನು ಹೇಳಿದ ಮೇಲೆ ಅಣ್ಣನ ಮಗ ಪ್ರತಿ ತಿರುವಿನಲ್ಲೂ ಆನೆಯಾಗಿ ಓಡಿ ನೋಡಿದ. ಒಂದು ಸಲವೂ ವೇಗ ಸಿಗಲಿಲ್ಲ ಅಂತ ಅವನೇ ಒಪ್ಪಿಕೊಂಡ. ಆಮೇಲೆ ಮದ್ದು ಬೀಸುವ ಕಲ್ಲುಗಳು ಸಿಗುತ್ತವೆ. ನಮ್ಮ ಬೀಸುವ ಕಲ್ಲಿನ ಅಜ್ಜ ಅನ್ನೋ ಹಾಗೆ ನಾಲ್ಕು ದೊಡ್ಡ ಕಲ್ಲುಗಳು, ಕೋವಿ ಮದ್ದು ಅರೆಯೋಕೆ. ಅಮ್ಮನಿಗೆ ಇಡೀ ಕೋಟೆಯಲ್ಲಿ ಹಿಡಿಸಿದ್ದು ಇದೇ.

ಅಪ್ಪ-ಅಮ್ಮ ಏಕನಾಥೇಶ್ವರಿ ಗುಡಿ, ಹಿಡಿಂಬೇಶ್ವರನ ಗುಡಿಯ ತನಕ ನಿಧಾನವಾಗಿ ಬಂದರೆ ಸಾಕು. ಅಲ್ಲಿ ಕೂತು ಗಾಳಿ ತಗೊಳ್ಳಲಿ. ಸುತ್ತಲಿನ ಗುಡ್ಡಗಳ ಮೇಲೆ ಗಾಳಿಯಂತ್ರಗಳು ತಿರುಗೋದು ಕಾಣುತ್ತದೆ. ನೀವು ಮಕ್ಕಳನ್ನು ಕರೆದುಕೊಂಡು ಗೋಪಾಲಸ್ವಾಮಿ ಹೊಂಡ, ಅಕ್ಕ-ತಂಗಿ ಹೊಂಡ ನೋಡಿ. ಈ ಬರದ ಸೀಮೆಯಲ್ಲಿ ಬೆಟ್ಟದ ಮೇಲೆ ಊರು ಕಟ್ಟಿ ಬದುಕಿದ್ದು ಮಳೆ ನೀರು ಹಿಡಿದೇ. ಮೇಲಿನ ಹೊಂಡ ತುಂಬಿದರೆ ಕೆಳಗಿನದಕ್ಕೆ, ಅದು ತುಂಬಿದರೆ ಇನ್ನೂ ಕೆಳಗೆ ಊರಿನ ಹೊಂಡಕ್ಕೆ. ತುಪ್ಪದ ಕೊಳ ಅನ್ನೋ ಬಂಡೆಯನ್ನು ಮಾತ್ರ ಕೆಳಗಿಂದಲೇ ನೋಡಿ. ಅದರ ಮೇಲೆ ಹತ್ತೋಕೆ ಇರೋದು ಕಾಲ್ಬೆರಳು ಹಿಡಿಯುವಷ್ಟು ಮೆಟ್ಟಿಲು. ಮಕ್ಕಳು ಹಟ ಮಾಡ್ತಾರೆ, ಬಿಡಬೇಡಿ.

ಕೊನೆಗೆ ಓಬವ್ವನ ಕಿಂಡಿ. ಕಥೆ ನಿಮಗೆ ಗೊತ್ತೇ ಇರುತ್ತದೆ. ಹೈದರಾಲಿಯ ಸೈನ್ಯ ಕೋಟೆ ಮುತ್ತಿದ ಕಾಲ. ಕಹಳೆ ಊದುವ ಕಾವಲುಗಾರ ಮುದ್ದ ಹನುಮ ಮನೆಗೆ ಬಂದು ಊಟಕ್ಕೆ ಕೂತಿದ್ದ. ಹೆಂಡತಿ ನೀರು ತರೋಕೆ ಹೋದಾಗ ಕಿಂಡಿಯಲ್ಲಿ ತಲೆಯೊಂದು ತೂರಿ ಬರೋದು ಕಂಡಳು. ಒನಕೆ ಹಿಡಿದು ನಿಂತಳು. ಅಣ್ಣನ ಮಗಳಿಗೆ ಆಗ ಒಂಬತ್ತು ವರ್ಷ. ಕಿಂಡಿಯಲ್ಲಿ ಬಗ್ಗಿ ತೂರಿ ಈ ಕಡೆ ಬಂದು ಕೇಳಿದಳು: "ಅತ್ತೆ, ಅವನನ್ನ ಊಟದಿಂದ ಎಬ್ಬಿಸೋಕೆ ಏನಾಗಿತ್ತು?" ನಾನು ಗಂಡನನ್ನು ಊಟದ ನಡುವೆ ಎಬ್ಬಿಸಬಾರದು ಅಂತ ಇರಬೇಕು ಅಂದೆ. ಅತ್ತಿಗೆ ಅಣ್ಣನ ಮುಖ ನೋಡಿ ನಕ್ಕಳು. ಕೋಟೆ ಹೈದರನ ಕೈ ಸೇರಿದ್ದು 1779ರಲ್ಲಿ, ಕಡೆಯ ಮದಕರಿ ನಾಯಕನ ಕಾಲಕ್ಕೆ. ಇಷ್ಟೆಲ್ಲ ಮುಗಿಸಿ ಹನ್ನೊಂದೂವರೆಗೆ ಕೆಳಗೆ ಇರಬೇಕು ಅನ್ನೋದು ಲೆಕ್ಕ. ಖಾರ-ಉಪ್ಪು ಸವರಿದ ಸೌತೆಕಾಯಿ ಕಂಡರೆ ಬಿಡಬೇಡಿ, ಆ ಹೊತ್ತಿಗೆ ಅದೇ ಅಮೃತ.

ದುರ್ಗದ ಪಕ್ಕದ ಚಂದ್ರವಳ್ಳಿ ಬಗ್ಗೆಯೂ ಕೇಳಿದ್ದೀರಿ. ಕೆರೆ ಚೆನ್ನಾಗಿದೆ, ಕದಂಬರ ಮಯೂರಶರ್ಮನ ಶಾಸನ ಇದೆ. ಅಂಕಲಿ ಮಠದ ಗುಹೆಯೊಳಗೆ ಮಾತ್ರ ಪೂರ್ತಿ ಕತ್ತಲೆ, ಬಗ್ಗಿ ಇಳಿಯಬೇಕು. ಮಂಡಿ ನೋವು ಇರೋ ಹಿರಿಯರಿಗೆ ಬೇಡ. ನಾನಾದರೆ ಈ ಸಲಕ್ಕೆ ಬಿಟ್ಟುಬಿಡುತ್ತೇನೆ.

ದುರ್ಗದಿಂದ ದಾವಣಗೆರೆಗೆ 60 ಕಿ.ಮೀ., ಒಂದು ಗಂಟೆ. ಮಧ್ಯಾಹ್ನದ ಊಟ ಯಾವುದಾದರೂ ಖಾನಾವಳಿಯಲ್ಲಿ ಮಾಡಿ. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಕಾಳು ಪಲ್ಯ, ಶೇಂಗಾ ಚಟ್ನಿಪುಡಿ, ಮೊಸರು. ಮಕ್ಕಳಿಗೆ ಖಾರ ಆದರೆ ಚಟ್ನಿಪುಡಿಗೆ ಮೊಸರು ಕಲಸಿ ಕೊಡಿ. ಬೆಳಿಗ್ಗೆ ಇಡ್ಲಿ ತಿಂದವರಿಗೆ ಮಧ್ಯಾಹ್ನ ರೊಟ್ಟಿ ಯಾಕೆ ಸಿಕ್ಕಿತು ಅಂದರೆ, ನೀವು ಬಂದಿರೋದು ಗಡಿ ಊರಿಗೆ. 1956ಕ್ಕೆ ಮುಂಚೆ ಹರಿಹರದ ಹೊಳೆ ದಾಟಿದರೆ ಮುಂಬೈ ಸರ್ಕಾರ, ಈಚೆ ಮೈಸೂರು. ನಮ್ಮ ತಟ್ಟೆಯಲ್ಲಿ ಎರಡೂ ಕಡೆಯದು ಇದೆ. ಮಾತಲ್ಲೂ ಹಾಗೇ. ಬೆಂಗಳೂರಿನವರಿಗೆ ನಾವು ಹುಬ್ಬಳ್ಳಿ ಕಡೆಯವರು, ಹುಬ್ಬಳ್ಳಿಯವರಿಗೆ ನಾವು ಮೈಸೂರು ಕಡೆಯವರು.

ಊಟ ಮಾಡಿ ಲಾಡ್ಜಲ್ಲಿ ಎಲ್ಲರೂ ಮಲಗಿ. ನಿಜವಾಗಲೂ. ಐದಕ್ಕೆ ಎದ್ದು ಕುಂದವಾಡ ಕೆರೆ ಏರಿ ಮೇಲೆ ನಡೆಯಿರಿ. ಪಕ್ಕದಲ್ಲೇ ಗಾಜಿನ ಮನೆ ಇದೆ, ಮಕ್ಕಳು ಓಡಾಡಿಕೊಂಡಿರುತ್ತಾರೆ.

ಕತ್ತಲಾಗುವ ಹೊತ್ತಿಗೆ ಮಂಡಕ್ಕಿ ಮೆಣಸಿನಕಾಯಿ. ನೀವು ಇದನ್ನು ಕೇಳಿಯೇ ಇಲ್ಲ, ಬರೀ ದೋಸೆ ಕೇಳಿದ್ದೀರಿ. ನನ್ನ ಲೆಕ್ಕದಲ್ಲಿ ಊರಿನ ನಿಜವಾದ ತಿಂಡಿ ಇದೇ. ದೋಸೆ ವಾರಕ್ಕೊಮ್ಮೆ, ಮಂಡಕ್ಕಿ ದಿನಾ. ನಮ್ಮಲ್ಲಿ ಮಂಡಕ್ಕಿ ಭಟ್ಟಿಗಳೇ ಒಂದು ಬಡಾವಣೆ ತುಂಬ ಇವೆ. ಉಪ್ಪು ನೀರು ಹಿಡಿದ ಅಕ್ಕಿಯನ್ನು ಕಾದ ಮರಳಿಗೆ ಹಾಕಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಅರಳುತ್ತದೆ. ಆ ಬೆಂಕಿಯ ಮುಂದೆ ನಿಂತು ದುಡಿಯೋರ ಕಷ್ಟ ಬೇರೆಯೇ ಕಥೆ. ಗಾಡಿಯಲ್ಲಿ ಎರಡು ಥರ ಕೇಳಿ. ಒಗ್ಗರಣೆ ಮಂಡಕ್ಕಿ ಅಂದರೆ ನೆನೆಸಿ ಹಿಂಡಿ, ಈರುಳ್ಳಿ ಒಗ್ಗರಣೆ, ಹುರಿಗಡಲೆ ಪುಡಿ ಹಾಕಿದ್ದು. ಮೆತ್ತಗಿರುತ್ತದೆ, ಹಲ್ಲಿಲ್ಲದ ಅಜ್ಜನಿಗೂ ಆಗುತ್ತದೆ. ನರ್ಗಿಸ್ ಅಂದರೆ ಒಣಗಿದ್ದು, ಗರಿಗರಿ. ಎರಡಕ್ಕೂ ಜೊತೆ ಬಿಸಿ ಮೆಣಸಿನಕಾಯಿ ಬಜ್ಜಿ ಇರಲೇಬೇಕು. ಒಳಗಿನ ಕಾಯಿ ಖಾರ ಅನ್ನಿಸಿದರೆ ಮಕ್ಕಳಿಗೆ ಹೊರಗಿನ ಹಿಟ್ಟು ಬಿಡಿಸಿ ಕೊಡಿ. ರಾತ್ರಿ ಊಟ ಬೇಕಾಗಲ್ಲ.

ಭಾನುವಾರ ಬೆಳಿಗ್ಗೆ ಏಳೂವರೆಗೆ ದೋಸೆ. ಯಾವ ಹೋಟೆಲ್ ಅಂತ ನಾನು ಹೇಳಲ್ಲ. ಹೇಳಿದರೆ ಕೆಳಗೆ ಕಾಮೆಂಟಲ್ಲಿ ಊರಿನವರೆಲ್ಲ ಜಗಳಕ್ಕೆ ಬರುತ್ತಾರೆ. ಗುರುತು ಹೇಳುತ್ತೇನೆ. ಸೌದೆ ಒಲೆ ಇರಬೇಕು. ಬೆಣ್ಣೆ ಬೆಳ್ಳಗೆ ಮುದ್ದೆಯಾಗಿ ಕಣ್ಣಿಗೆ ಕಾಣಬೇಕು, ಹಂಚಿನ ಮೇಲೆ ಒಂದು ಸಲ, ತಟ್ಟೆಗೆ ಬಂದ ಮೇಲೆ ಇನ್ನೊಂದು ಸಲ ಬೀಳಬೇಕು. ಪಲ್ಯ ಅರಿಶಿಣ ಇಲ್ಲದೆ ಬೆಳ್ಳಗಿರುತ್ತದೆ, ಆಲೂಗಡ್ಡೆ ಚೆನ್ನಾಗಿ ಮಸೆದಿರುತ್ತಾರೆ. ಕಾಯಿ ಚಟ್ನಿ ತೆಳ್ಳಗೆ. ಸಾಂಬಾರ್ ಕೇಳಬೇಡಿ, ಕೇಳಿದರೆ ನೀವು ಹೊರಗಿನವರು ಅಂತ ಗೊತ್ತಾಗಿಬಿಡುತ್ತದೆ. ಅಂಚು ಗರಿ, ನಡುವೆ ಮೆತ್ತಗೆ. ಹಿಟ್ಟಿಗೆ ಮಂಡಕ್ಕಿಯನ್ನೂ ಸೇರಿಸಿ ರುಬ್ಬುತ್ತಾರೆ, ಆ ಹಗುರ ಅದರಿಂದ. ಬೆಳಗಾವಿ ಕಡೆಯಿಂದ ಬಂದ ಚೆನ್ನಮ್ಮ ಅನ್ನೋರು ಇಲ್ಲಿ ದೋಸೆ ಹಾಕೋಕೆ ಶುರು ಮಾಡಿದ್ದು ಅಂತ ಊರಲ್ಲಿ ಹೇಳುತ್ತಾರೆ. ಅಲ್ಲಿಗೆ ದೋಸೆಯೂ ಹೊಳೆ ದಾಟಿ ಬಂದದ್ದೇ ಆಯ್ತಲ್ವಾ! ಒಂದು ಸಲಕ್ಕೆ ಒಂದೇ ಹೇಳಿ, ಬಿಸಿ ಇರುವಾಗಲೇ ತಿಂದು ಇನ್ನೊಂದು ಹೇಳಿ. ನಮ್ಮತ್ತಿಗೆ ಮೂರು ತಿಂದು, ಹಳೇ ಮಾತು ವಾಪಸ್ ತಗೊಂಡಳು.

ಆಮೇಲೆ ಹರಿಹರವಾ, ಸಂತೆಬೆನ್ನೂರಾ ಅನ್ನೋ ಪ್ರಶ್ನೆ. ಹರಿಹರ ಹತ್ತಿರ, 15 ಕಿ.ಮೀ. ಕೂಡ ಇಲ್ಲ. ಹೊಯ್ಸಳರ ದಂಡನಾಯಕ ಪೋಲಾಳ್ವ 1224ರಲ್ಲಿ ಕಟ್ಟಿಸಿದ ಗುಡಿ, ಅರ್ಧ ಶಿವ ಅರ್ಧ ವಿಷ್ಣು. ನುಣ್ಣಗೆ ತಿರುಗಿಸಿದ ಹಾಗಿರೋ ಕಂಬಗಳು. ಗುಡಿ ಮುಗಿಸಿ ಹೊಳೆ ದಂಡೆ ನೋಡಿ ಬರಬಹುದು. ಆದರೆ ಹಿರಿಯರಿದ್ದರೆ ನನ್ನ ಓಟು ಸಂತೆಬೆನ್ನೂರಿಗೆ. ಚನ್ನಗಿರಿ ಕಡೆಗೆ ಸುಮಾರು ಒಂದು ಗಂಟೆ ದಾರಿ. ಊರು ಚಿಕ್ಕದು, ಇಲ್ಲೇನಿದೆ ಅನ್ನಿಸುತ್ತದೆ. ಗೇಟ್ ದಾಟಿದರೆ ಎದುರಿಗೆ ಪುಷ್ಕರಣಿ. ನಾಲ್ಕೂ ಕಡೆ ಮೆಟ್ಟಿಲು, ನೀರಿನ ನಡುವೆ ಮಂಟಪ, ದಂಡೆಯಲ್ಲಿ ಮುಸಾಫಿರಖಾನೆ. ಪುಷ್ಕರಣಿ ಕಟ್ಟಿಸಿದ್ದು ಹನುಮಪ್ಪ ನಾಯಕ, 16ನೇ ಶತಮಾನದಲ್ಲಿ. ಹತ್ತೋದಿಲ್ಲ, ಇಳಿಯೋದಿಲ್ಲ, ಸುಮ್ನೆ ಕೂರೋ ಜಾಗ. ಕೋಟೆಯಲ್ಲಿ ಎರಡನೇ ಬಾಗಿಲಿಗೆ ಸೋತಿದ್ದ ನಮ್ಮಪ್ಪ ಇಲ್ಲಿ ಒಂದು ಗಂಟೆ ಮೇಲೆ ಕೂತಿದ್ದರು. ಎಬ್ಬಿಸೋಕೆ ಹೋದರೆ, "ಓಬವ್ವನೇ ಗಂಡನ್ನ ಎಬ್ಬಿಸಲಿಲ್ಲವಂತೆ, ನೀನ್ಯಾಕೆ ಎಬ್ಬಿಸ್ತೀಯ" ಅಂದರು.

ಅಲ್ಲಿಂದ ಮುಂದೆ ಸೂಳೆಕೆರೆ, ಅಂದರೆ ಶಾಂತಿಸಾಗರ. ಕೆರೆ ಅನ್ನೋದಕ್ಕಿಂತ ಸಣ್ಣ ಸಮುದ್ರ. ದುರ್ಗದ ನಲ್ಲಿಗೂ ಇಲ್ಲಿಂದಲೇ ನೀರು ಹೋಗುತ್ತದೆ. ಏರಿ ಮೇಲೆ ಕಾರು ನಿಲ್ಲಿಸಿ ಹತ್ತು ನಿಮಿಷ ನೋಡಿ. ವಾಪಸ್ ದಾವಣಗೆರೆಗೆ ಬರೋದು ಬೇಡ. ಚನ್ನಗಿರಿ, ಹೊಳಲ್ಕೆರೆ ಮೇಲೆ ಚಿತ್ರದುರ್ಗಕ್ಕೆ ಬಂದು ಹೆದ್ದಾರಿ ಸೇರಿ. ಹೊಳಲ್ಕೆರೆಯಲ್ಲಿ ದೊಡ್ಡ ಗಣಪ ಇದ್ದಾನೆ. ಮಕ್ಕಳನ್ನು ಹಿಂದಕ್ಕೆ ಕರೆದುಕೊಂಡು ಹೋಗಿ ತೋರಿಸಿ, ಅವನ ಬೆನ್ನ ಮೇಲೆ ಜಡೆ ಇದೆ.

ಮಂಡಕ್ಕಿ ಕೊಂಡುಕೊಳ್ಳೋದಿದ್ದರೆ ದೋಸೆ ತಿಂದ ಕೂಡಲೇ ಊರಲ್ಲೇ ತಗೊಳ್ಳಿ. ಸೇರಿನ ಲೆಕ್ಕದಲ್ಲಿ ಕೊಡುತ್ತಾರೆ. ಅಗ್ಗ ಅಂತ ಅಣ್ಣ ಒಂದು ಚೀಲವೇ ತಗೊಂಡ. ತೂಕ ಏನೂ ಇಲ್ಲ, ಆದರೆ ಡಿಕ್ಕಿ ತುಂಬಿ ಹೋಯ್ತು. ಬ್ಯಾಗುಗಳನ್ನು ಬೆಂಗಳೂರಿನ ತನಕ ಎಲ್ಲರೂ ತೊಡೆ ಮೇಲೆ ಇಟ್ಟುಕೊಂಡು ಹೋದರು. ನಿಮಗೆ ಹತ್ತು ಸೇರು ಸಾಕು.