ಬೆಳಗಿನ ಲಿಂಬೆ ನೀರು: ಎಷ್ಟು, ಯಾವಾಗ, ಯಾರಿಗೆ?

ಓದುಗರ ಪ್ರಶ್ನೆ, ವೈದ್ಯರ ಉತ್ತರ

ಬಿಸಿಲು ಏರುತ್ತಿದ್ದಂತೆ ಕರಾವಳಿಯಿಂದಲೂ ಘಟ್ಟದ ಮೇಲಿನಿಂದಲೂ ಬಂದ ಪತ್ರಗಳಲ್ಲಿ ಹೆಚ್ಚಿನವು ಲಿಂಬೆ ನೀರಿನ ಕುರಿತೇ ಇವೆ. ಆಯ್ದ ಕೆಲವಕ್ಕೆ ಇಲ್ಲಿ ಉತ್ತರಿಸಿದ್ದೇವೆ.

ತೂಕ ಇಳಿಸಲು ದಿನಾ ಬೆಳಿಗ್ಗೆ ಬಿಸಿನೀರಿಗೆ ಒಂದು ಇಡೀ ಲಿಂಬೆಹಣ್ಣು ಹಿಂಡಿ, ಎರಡು ದೊಡ್ಡ ಚಮಚ ಜೇನು ಬೆರೆಸಿ ಕುಡಿಯುತ್ತೇನೆ. ಕುಡಿದ ಮೇಲೆ ಹಲ್ಲುಜ್ಜುತ್ತೇನೆ. ತೂಕ ಇಳಿದಿಲ್ಲ, ಈಗ ತಣ್ಣೀರು ಬಾಯಿಗೆ ಹಾಕಿದರೆ ಹಲ್ಲು ಜುಮ್ಮೆನ್ನುತ್ತದೆ. – ಓದುಗರು, ಕುಮಟಾ

ಮೊದಲು ಹಲ್ಲಿನ ವಿಚಾರ, ಏಕೆಂದರೆ ಅಲ್ಲಿ ಆದ ನಷ್ಟ ತುಂಬಿ ಬರುವುದಿಲ್ಲ. ಲಿಂಬೆರಸದ ಪಿಎಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಹೆಚ್ಚು) 2ರಿಂದ 2.5ರ ಆಸುಪಾಸು. ಹಲ್ಲಿನ ಹೊರಕವಚವಾದ ಎನಾಮಲ್ 5.5ಕ್ಕಿಂತ ಕೆಳಗೆ ಕರಗತೊಡಗುತ್ತದೆ. ನೀರು ಬೆರೆಸಿದರೂ ಹುಳಿ ಆ ಗಡಿಯ ಕೆಳಗೇ ಉಳಿಯುತ್ತದೆ. ರಾತ್ರಿಯಿಡೀ ಜೊಲ್ಲು ಕಡಿಮೆ ಇರುವುದರಿಂದ ಬೆಳಗಿನ ಬಾಯಿಗೆ ರಕ್ಷಣೆಯೂ ಕಡಿಮೆ. ಹುಳಿಯಿಂದ ಮೆತ್ತಗಾದ ಎನಾಮಲ್ ಮೇಲೆ ನೀವು ಕೂಡಲೇ ಬ್ರಶ್ ಆಡಿಸಿದಾಗ ಅದು ಸವೆದೇ ಹೋಗುತ್ತದೆ.

ಆದ್ದರಿಂದ ಹಲ್ಲುಜ್ಜಿದ ನಂತರವೇ ಕುಡಿಯಿರಿ. ಕುಡಿದ ಮೇಲೆ ಬ್ರಶ್ ಮಾಡಲೇಬೇಕಿದ್ದರೆ ಒಂದು ತಾಸು ಬಿಡಿ. 300 ಮಿಲಿ ಉಗುರುಬೆಚ್ಚಗಿನ ನೀರಿಗೆ ಅರ್ಧ ಹಣ್ಣು ಸಾಕು. ಬಿಸಿ ಹೆಚ್ಚಿದಷ್ಟೂ ಹುಳಿ ಹಲ್ಲನ್ನು ಬೇಗ ತಿನ್ನುತ್ತದೆ. ಗುಟುಕು ಗುಟುಕಾಗಿ ಅರ್ಧ ತಾಸು ಎಳೆಯಬೇಡಿ, ಒಮ್ಮೆಲೇ ಕುಡಿದು ಮುಗಿಸಿ ಬರೀ ನೀರಿನಿಂದ ಬಾಯಿ ಮುಕ್ಕಳಿಸಿ. ಸದ್ಯಕ್ಕೆ ಒಂದು ತಿಂಗಳು ಪೂರ್ತಿ ನಿಲ್ಲಿಸಿ. ಜುಮ್ಮೆನ್ನುವುದು ಕಡಿಮೆಯಾಗದಿದ್ದರೆ ದಂತವೈದ್ಯರಿಗೆ ತೋರಿಸಿ.

ತೂಕದ ಮಾತು: ಲಿಂಬೆಗೆ ಕೊಬ್ಬು ಕರಗಿಸುವ ಗುಣವಿಲ್ಲ. ನಿಮ್ಮ ಎರಡು ದೊಡ್ಡ ಚಮಚ ಜೇನಿನಲ್ಲಿ ಸುಮಾರು 120 ಕ್ಯಾಲೊರಿ ಇದೆ, ಎರಡು ಇಡ್ಲಿ ತಿಂದ ಹಾಗೆ. ಸಕ್ಕರೆ ಹಾಕಿದ ಚಹಾ ಬಿಟ್ಟು ಅದರ ಬದಲು ಸಪ್ಪೆ ಲಿಂಬೆ ನೀರು ಕುಡಿದರೆ ಸಕ್ಕರೆ ತಪ್ಪಿದಷ್ಟು ಲಾಭ ಉಂಟು, ಅಷ್ಟೇ.

ಕಿಡ್ನಿಯಲ್ಲಿ 6 ಮಿಲಿಮೀಟರ್ ಕಲ್ಲು, ಕ್ಯಾಲ್ಸಿಯಂ ಆಕ್ಸಲೇಟ್ ಎಂದಿದ್ದಾರೆ. ತೋಟದ ಕೆಲಸ. ಆಸರಿಗೆ ಉಪ್ಪು ಹಾಕಿದ ಲಿಂಬೆ ಪಾನಕ ಕುಡಿಯುತ್ತೇನೆ. ಕಲ್ಲು ಕರಗೀತೇ? – ಓದುಗರು, ಸಿರಸಿ

ಇರುವ ಕಲ್ಲು ಇದರಿಂದ ಕರಗುವುದಿಲ್ಲ. ಹೊಸದು ಕಟ್ಟುವುದನ್ನು, ಇದ್ದದ್ದು ಬೆಳೆಯುವುದನ್ನು ತಡೆಯಲು ಲಿಂಬೆಯ ಸಿಟ್ರೇಟ್ ನೆರವಾಗಬಹುದು. ಅದು ಮೂತ್ರದಲ್ಲಿ ಕ್ಯಾಲ್ಸಿಯಂ ಜೊತೆ ಸೇರಿಕೊಂಡು ಆಕ್ಸಲೇಟಿಗೆ ಸಿಗದಂತೆ ಮಾಡುತ್ತದೆ. ಆದರೆ ಪಾನಕದ ಉಪ್ಪು ಈ ಲಾಭಕ್ಕೇ ಕೊಡಲಿಪೆಟ್ಟು. ಸೋಡಿಯಂ ಹೆಚ್ಚಾದರೆ ಮೂತ್ರಕ್ಕೆ ಇಳಿಯುವ ಕ್ಯಾಲ್ಸಿಯಂ ಕೂಡ ಹೆಚ್ಚುತ್ತದೆ. ಕಲ್ಲಿನ ತೊಂದರೆ ಇರುವವರು ಲಿಂಬೆ ನೀರಿಗೆ ಉಪ್ಪನ್ನೂ ಸಕ್ಕರೆಯನ್ನೂ ಹಾಕಬಾರದು.

ಎರಡು ಹಣ್ಣಿನ ರಸವನ್ನು ಎರಡು ಲೀಟರ್ ನೀರಿಗೆ ಬೆರೆಸಿ, ಊಟ ತಿಂಡಿಯ ಹೊತ್ತಿಗೆ ಹಂಚಿಕೊಂಡು ಕುಡಿಯಿರಿ. ಅದಲ್ಲದೆ ಬರೀ ನೀರೂ ಬೇಕು. ದಿನಕ್ಕೆ ಎರಡರಿಂದ ಎರಡೂವರೆ ಲೀಟರ್ ಮೂತ್ರ ಹೋಗಬೇಕು ಎಂಬುದೇ ಅಳತೆ. ಅಡಿಕೆ ತೋಟದಲ್ಲಿ ಬೆವರುವವರು ಇದಕ್ಕಾಗಿ ಮೂರು ಲೀಟರಿಗೂ ಹೆಚ್ಚು ಕುಡಿಯಬೇಕಾಗುತ್ತದೆ. ಮೂತ್ರ ಗಾಢ ಹಳದಿಯಾದರೆ ಸಾಕಾಗಿಲ್ಲ ಎಂದೇ ತಿಳಿಯಿರಿ. ವೈದ್ಯರು ಪೊಟ್ಯಾಸಿಯಂ ಸಿಟ್ರೇಟ್ ಬರೆದಿದ್ದರೆ ಲಿಂಬೆಯನ್ನು ನಂಬಿ ಅದನ್ನು ಬಿಡಬೇಡಿ.

ಇನ್ನೊಂದು ಎಚ್ಚರಿಕೆಯನ್ನು ಒತ್ತಿ ಹೇಳುತ್ತೇವೆ. ಹುಳಿ ಎಲ್ಲ ಒಂದೇ ಎಂದುಕೊಂಡು ಹಿತ್ತಲಿನ ಬಿಂಬುಳಿ ಅಥವಾ ಕಮರಾಕ್ಷಿಯ ರಸ ಹಿಂಡಿ ಕುಡಿಯುವವರಿದ್ದಾರೆ. ಇವೆರಡರಲ್ಲೂ ಆಕ್ಸಲೇಟ್ ವಿಪರೀತ. ಬಿಂಬುಳಿ ರಸ ಕುಡಿದು ಕಿಡ್ನಿಯೇ ಕೆಲಸ ನಿಲ್ಲಿಸಿದ ಪ್ರಕರಣಗಳು ವೈದ್ಯಕೀಯದಲ್ಲಿ ದಾಖಲಾಗಿವೆ. ಸಾರಿಗೆ ಒಂದೆರಡು ಕಾಯಿ ಹಾಕುವುದು ಬೇರೆ, ರಸವನ್ನೇ ಲೋಟಗಟ್ಟಲೆ ಕುಡಿಯುವುದು ಬೇರೆ. ಕಿಡ್ನಿ ಕಾಯಿಲೆ ಇರುವವರು ಕಮರಾಕ್ಷಿಯನ್ನು ಮುಟ್ಟಲೇಬಾರದು. ನೋವಿನ ಜೊತೆ ಚಳಿಜ್ವರ ಬಂದರೆ ಅಥವಾ ಮೂತ್ರ ಕಟ್ಟಿದರೆ ಅದೇ ದಿನ ಆಸ್ಪತ್ರೆಗೆ ಹೋಗಿ.

ಹಿಮೋಗ್ಲೋಬಿನ್ 9 ಇದೆ. ಕಬ್ಬಿಣದ ಮಾತ್ರೆಯನ್ನು ಚಹಾ ಬದಲು ಲಿಂಬೆ ನೀರಿನ ಜೊತೆ ನುಂಗಬಹುದೇ? – ಓದುಗರು, ಅಂಕೋಲಾ

ನುಂಗಬಹುದು. ಚಹಾ ಬಿಟ್ಟದ್ದೇ ದೊಡ್ಡ ಲಾಭ. ಅದರ ಟ್ಯಾನಿನ್ ಕಬ್ಬಿಣವನ್ನು ಹಿಡಿದಿಟ್ಟು ಮೈಗೆ ಹತ್ತದಂತೆ ಮಾಡುತ್ತದೆ. ಮಾತ್ರೆಗೂ ಚಹಾಕ್ಕೂ ನಡುವೆ ಎರಡು ತಾಸು ಇರಲಿ. ಕ್ಯಾಲ್ಸಿಯಂ ಮಾತ್ರೆ ಇದ್ದರೆ ಅದನ್ನು ಬೇರೆ ಹೊತ್ತಿಗೆ ತೆಗೆದುಕೊಳ್ಳಿ.

ನಮ್ಮ ದೃಷ್ಟಿಯಲ್ಲಿ ಲಿಂಬೆಯ ಅತ್ಯುತ್ತಮ ಜಾಗ ಬೆಳಗಿನ ಲೋಟವಲ್ಲ, ಊಟದ ಬಟ್ಟಲು. ಹರಿವೆ, ನುಗ್ಗೆಸೊಪ್ಪು, ಹುರುಳಿ, ಕಡಲೆಗಳಲ್ಲಿರುವ ಕಬ್ಬಿಣ ಸುಲಭಕ್ಕೆ ಹೀರಿಕೆಯಾಗುವಂಥದ್ದಲ್ಲ. ಅದೇ ತುತ್ತಿನಲ್ಲಿ ಸಿ ಜೀವಸತ್ವ ಇದ್ದರೆ ಹೆಚ್ಚು ಹೀರಿಕೊಳ್ಳುತ್ತದೆ. ಒಲೆಯಿಂದ ಇಳಿಸಿದ ಮೇಲೆಯೇ ಹಿಂಡಿ, ಕುದಿಸಿದರೆ ಆ ಜೀವಸತ್ವ ಹಾಳಾಗುತ್ತದೆ. ಹಾಗಿದ್ದರೂ 9 ಎಂಬುದು ಊಟದಿಂದಷ್ಟೇ ಸರಿಹೋಗುವ ಅಂಕಿಯಲ್ಲ. ಮುಟ್ಟಿನ ಸ್ರಾವ ಹೆಚ್ಚಿದೆಯೇ, ಕೊಕ್ಕೆಹುಳ ಇದೆಯೇ ಎಂದು ಕಾರಣ ಹುಡುಕಿಸಿ.

ಮಗುವಿಗೆ ಭೇದಿಯಾದಾಗ ಓಆರ್‌ಎಸ್ ಬದಲು ಲಿಂಬೆ ಶರಬತ್ತು ಕೊಡಬಹುದೇ? – ಓದುಗರು, ಕಾರವಾರ

ಓಆರ್‌ಎಸ್ ಪೊಟ್ಟಣವೇ ಮೊದಲ ಆಯ್ಕೆ. ಶರಬತ್ತಿನಲ್ಲಿ ಸಕ್ಕರೆ ಜಾಸ್ತಿ, ಅದು ನೀರನ್ನು ಕರುಳಿಗೆ ಎಳೆದು ಭೇದಿ ಹೆಚ್ಚಿಸುತ್ತದೆ. ಪೊಟ್ಟಣದ ಮೇಲೆ ಬರೆದಷ್ಟೇ ನೀರು ಬೆರೆಸಿ. ಒಂದು ಲೀಟರಿನ ಪೊಟ್ಟಣವನ್ನು ಒಂದು ಲೋಟಕ್ಕೆ ಸುರಿಯುವ ತಪ್ಪು ಅಪಾಯಕಾರಿ.

ಪೊಟ್ಟಣ ಸಿಗದಿದ್ದರೆ, ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಸಮ ಟೀ ಚಮಚ ಸಕ್ಕರೆ, ಅರ್ಧ ಸಮ ಟೀ ಚಮಚ ಪುಡಿ ಉಪ್ಪು. ಸಾಣಿಕಟ್ಟಾದ ಹರಳುಪ್ಪಾದರೆ ಕುಟ್ಟಿ ಪುಡಿ ಮಾಡಿಯೇ ಅಳೆಯಿರಿ, ಹರಳಿನಲ್ಲಿ ಚಮಚದ ಲೆಕ್ಕ ತಪ್ಪುತ್ತದೆ. ರುಚಿಗೆ ನಾಲ್ಕು ಹನಿ ಲಿಂಬೆ ಸಾಕು. ಪ್ರತಿ ಭೇದಿಯ ನಂತರ ಎರಡು ವರ್ಷದೊಳಗಿನ ಮಗುವಿಗೆ 50ರಿಂದ 100 ಮಿಲಿ, ದೊಡ್ಡ ಮಕ್ಕಳಿಗೆ 100ರಿಂದ 200 ಮಿಲಿ ಚಮಚದಲ್ಲಿ ಕೊಡಿ. 24 ತಾಸಾದ ಮೇಲೆ ಉಳಿದದ್ದನ್ನು ಚೆಲ್ಲಿ. ಮಗು ಮಂಕಾದರೆ, ಕಣ್ಣು ಗುಳಿಬಿದ್ದರೆ, ಕುಡಿಯಲು ಒಲ್ಲೆ ಎಂದರೆ ಕಾಯಬೇಡಿ.

ಜಾತ್ರೆಯಲ್ಲಿ ಲಿಂಬು ಸೋಡಾ ಅಂಗಡಿ ಹಾಕಿದ್ದೆ. ಎರಡು ದಿನದ ನಂತರ ಕೈಮೇಲೆ ಗುಳ್ಳೆ ಎದ್ದು, ಈಗ ಕಪ್ಪು ಕಲೆ ಉಳಿದಿದೆ. – ಓದುಗರು, ಹೊನ್ನಾವರ

ಇದು ಅಂಟುರೋಗವಲ್ಲ. ಲಿಂಬೆ ಸಿಪ್ಪೆಯ ಎಣ್ಣೆ ಮತ್ತು ರಸದಲ್ಲಿರುವ ಫ್ಯೂರೋಕೌಮರಿನ್ ಎಂಬ ವಸ್ತು ಚರ್ಮದ ಮೇಲಿದ್ದಾಗ ಬಿಸಿಲು ಬಿದ್ದರೆ ಸುಟ್ಟ ಗಾಯದಂತಾಗುತ್ತದೆ. ಕಲೆ ವಾರಗಳಿಂದ ತಿಂಗಳುಗಳಲ್ಲಿ ತಾನಾಗಿ ಮಾಸುತ್ತದೆ. ಉಜ್ಜಬೇಡಿ, ಅಲ್ಲಿಯವರೆಗೆ ಬಿಸಿಲು ತಾಗಿಸಬೇಡಿ. ಮುಂದೆ ನೆರಳಲ್ಲಿ ಹಿಂಡಿ, ಆಗಾಗ ಸೋಪಿನಿಂದ ಮೊಣಕೈವರೆಗೆ ತೊಳೆಯಿರಿ. ಮುಖದ ಕಾಂತಿಗೆಂದು ಲಿಂಬೆ ಹಚ್ಚಿಕೊಂಡು ಹೊರಗೆ ಹೋಗುವವರಿಗೂ ಇದೇ ಮಾತು.

ಲಿಂಬೆ ನೀರು ರಕ್ತವನ್ನು ಕ್ಷಾರೀಯ ಮಾಡುತ್ತದೆಂದು ಮೊಬೈಲಿನಲ್ಲಿ ಬಂದಿತ್ತು. ನನಗೆ ಎದೆಯುರಿ. ತಾಮ್ರದ ಚೊಂಬಿನಲ್ಲಿ ರಾತ್ರಿ ಹಿಂಡಿಟ್ಟು ಬೆಳಿಗ್ಗೆ ಕುಡಿಯಲೇ? – ಓದುಗರು, ಗೋಕರ್ಣ

ಬೇಡ. ರಕ್ತದ ಪಿಎಚ್ಚನ್ನು ಶ್ವಾಸಕೋಶ ಮತ್ತು ಕಿಡ್ನಿಗಳು 7.35ರಿಂದ 7.45ರೊಳಗೆ ಕಾಯುತ್ತವೆ. ಲಿಂಬೆಯಿಂದ ಬದಲಾಗುವುದಿದ್ದರೆ ಮೂತ್ರ ಮಾತ್ರ. ಎದೆಯುರಿ ಇರುವ ಹಲವರಿಗೆ ಹುಳಿ ಉರಿಯನ್ನು ಹೆಚ್ಚಿಸುತ್ತದೆ. ಎರಡು ವಾರ ಲಿಂಬೆಯನ್ನೂ ಮುರುಗಲು ಪಾನಕವನ್ನೂ ಬಿಟ್ಟು ನೋಡಿ. ನುಂಗುವಾಗ ಸಿಕ್ಕಿಕೊಂಡಂತಾದರೆ ಅಥವಾ ಮಲ ಕಪ್ಪಾದರೆ ತಡಮಾಡದೆ ವೈದ್ಯರನ್ನು ಕಾಣಿ. ಹುಳಿ ತಾಮ್ರವನ್ನು ಕರಗಿಸುವುದರಿಂದ ಹೊಟ್ಟೆ ತೊಳಸಿ ವಾಂತಿಯಾಗುತ್ತದೆ. ಆ ಚೊಂಬಿನಲ್ಲಿ ಬರೀ ನೀರಿಡಿ, ಲಿಂಬೆಗೆ ಗಾಜು ಅಥವಾ ಸ್ಟೀಲ್ ಲೋಟ ಬಳಸಿ.