ವಿದೇಶಿ ಹತ್ತಿಗೆ ಸುಂಕ ತೆಗೆದರೆ ನಮ್ಮ ರೇಟು ಎಷ್ಟು ಇಳಿಯುತ್ತೆ?

ಪ್ರಶ್ನೆ: 2025ರ ಆಗಸ್ಟ್‌ನಲ್ಲಿ ಹತ್ತಿಯ ಆಮದು ಸುಂಕ ತೆಗೆದಾಗ, ‘ಇನ್ನು ಕ್ವಿಂಟಲ್‌ಗೆ ಶೇ 11 ಕಮ್ಮಿ’ ಎಂದರು ಒಬ್ಬ ಖರೀದಿದಾರರು. ಈ ಲೆಕ್ಕ ಸರಿಯೇ?
– ಓದುಗರು, ಮಾನ್ವಿ, ರಾಯಚೂರು ಜಿಲ್ಲೆ

ಉತ್ತರ: ಸರಿಯಲ್ಲ. ಆ 11 ಬಂದದ್ದು ಹೀಗೆ: ಮೂಲ ಸುಂಕ 5, ಕೃಷಿ ಮೂಲಸೌಕರ್ಯ ಸೆಸ್ 5, ಈ ಹತ್ತರ ಮೇಲೆ ಶೇ 10 ಸರ್‌ಚಾರ್ಜ್, ಅಂದರೆ 1. ಇದು ಬಿದ್ದಿದ್ದು ಅರಳೆಯ, ಅಂದರೆ ಬೀಜ ತೆಗೆದ ಹತ್ತಿಯ ಮೇಲೆ. ನೀವು ಮಾರುವುದು ಬೀಜ ಸಮೇತದ ಹತ್ತಿ. ಕ್ವಿಂಟಲ್‌ಗೆ ಸುಮಾರು 34 ಕೆ.ಜಿ. ಅರಳೆ, ಉಳಿದದ್ದು ಬಹುಪಾಲು ಬೀಜ. ಬೀಜದಿಂದ ಬರುವ ಹಿಂಡಿ, ಎಣ್ಣೆಯ ಲೆಕ್ಕ ಬೇರೆಯೇ. ಹಾಗಾಗಿ ಪೂರ್ತಿ ರೇಟಿನ ಮೇಲೆ 11 ಕಳೆಯುವುದು ವ್ಯಾಪಾರದ ಮಾತು, ಅಷ್ಟೆ. ಆದರೂ ಏಟು ಬೀಳುವುದಿಲ್ಲ ಎನ್ನಲಾಗದು. ಸುಂಕವಿದ್ದರೆ 100 ರೂಪಾಯಿಯ ವಿದೇಶಿ ಅರಳೆ ಗಿರಣಿಗೆ 111ಕ್ಕೆ ಬೀಳುತ್ತದೆ, ಅಲ್ಲಿವರೆಗೆ ನಮ್ಮದಕ್ಕೆ ಏರಲು ಜಾಗ ಇರುತ್ತದೆ; ಸುಂಕ ತೆಗೆದರೆ ಆ ಜಾಗ ಇಲ್ಲ. ವಿನಾಯಿತಿ ಮೊದಲು ಸೆಪ್ಟೆಂಬರ್ 30ರವರೆಗಿತ್ತು, ಆಮೇಲೆ ಡಿಸೆಂಬರ್ 31ಕ್ಕೆ ವಿಸ್ತರಿಸಿದರು. ನಮ್ಮಲ್ಲಿ ಹತ್ತಿ ಬಿಡಿಸಿ ಮಾರುಕಟ್ಟೆಗೆ ತರುವ ಹೊತ್ತೇ ಅದು!

ಸುಂಕವಿಲ್ಲದೆ ಇಷ್ಟೇ ತರಬಹುದು ಎನ್ನುವ ಕೋಟಾ ಬೇರೆ ಬಗೆ: ಆಸ್ಟ್ರೇಲಿಯಾದಿಂದ ವರ್ಷಕ್ಕೆ 51,000 ಟನ್, ಅಂದರೆ 170 ಕೆ.ಜಿ.ಯ 3 ಲಕ್ಷ ಬೇಲ್ ಸುಂಕವಿಲ್ಲದೆ ಬರಬಹುದು. ಅಳತೆ ನಿಗದಿಯಾದ್ದರಿಂದ ಅದರ ಒತ್ತಡ ಕಡಿಮೆ.

ರೇಟು ಕುಸಿದರೆ ಬೆಂಬಲ ಬೆಲೆಗೆ ಕೊಳ್ಳುವ ಭಾರತೀಯ ಹತ್ತಿ ನಿಗಮದ (ಸಿಸಿಐ) ಕೇಂದ್ರವೇ ದಾರಿ. 2025–26ಕ್ಕೆ ಉದ್ದೆಳೆ ಹತ್ತಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ ₹8,110. ತೇವ ಶೇ 8 ದಾಟಿದರೆ ಕಡಿತ, 12 ದಾಟಿದರೆ ವಾಪಸ್. ಇಬ್ಬನಿ ಆರಿದ ಮೇಲೆ ಬಿಡಿಸಿ, ಗೊಬ್ಬರದ ಪ್ಲಾಸ್ಟಿಕ್ ಚೀಲದಲ್ಲಿ ಮಾತ್ರ ತುಂಬಬೇಡಿ. ಅದರ ಎಳೆ ಅರಳೆಗೆ ಸೇರಿದರೆ ಬಣ್ಣ ಹಾಕುವಾಗ ಬಟ್ಟೆಯಲ್ಲಿ ಕಾಣುತ್ತದೆ.