ಸಂಪಾದಕರ ಉತ್ತರ: ದಾಲ್ಚಿನ್ನಿಯ ನೆಂಟರು

ಬ್ರಹ್ಮಾವರದ ಓದುಗರಿಗೆ ನಮಸ್ಕಾರ. ದಾಲ್ಚಿನ್ನಿ, ಬೆಣ್ಣೆಹಣ್ಣು ಒಂದೇ ಕುಟುಂಬ ಎಂದು ನಾವು ಬರೆದದ್ದನ್ನು ನೀವು ನಂಬಿದಂತಿಲ್ಲ. ಕಾಳುಮೆಣಸೂ ನೆಂಟನೇ ಎಂದದ್ದಕ್ಕೆ "ಪರಿಮಳ ಇದ್ದದ್ದೆಲ್ಲ ಸಂಬಂಧಿಕರಾ?" ಎಂದು ಕೇಳಿದ್ದೀರಿ. ಬೆಣ್ಣೆಹಣ್ಣಿನ ಎಲೆ ಪಲಾವಿಗೆ ಆಗುತ್ತದಾ ಅಂತಲೂ ಕೇಳಿದ್ದೀರಿ.

ಪರಿಮಳ ನಂಬಿ ಸಂಬಂಧ ಹೇಳಲಾಗದು, ಒಪ್ಪಿದೆ. ಲವಂಗ ನೇರಳೆಯ ಕುಟುಂಬದ್ದು, ಏಲಕ್ಕಿ ಶುಂಠಿಯ ಕಡೆಯದು. ನಮ್ಮೂರಿನ ‘ಬಳಿ’ಯ, ಅಂದರೆ ಕುಲದ, ಲೆಕ್ಕದಲ್ಲಿ ಹೇಳುವುದಾದರೆ ದಾಲ್ಚಿನ್ನಿ, ಬೆಣ್ಣೆಹಣ್ಣು, ಘಟ್ಟದ ಗುಳಮಾವು ಒಂದೇ ಬಳಿ. ಅದಕ್ಕೆ ಲಾರೇಸಿ ಎಂದು ಹೆಸರು. ಮೆಣಸು, ವೀಳ್ಯದೆಲೆ ಒಂದು ಬಳಿ. ಜಾಯಿಕಾಯಿ, ರಾಂಪತ್ರೆ ಇನ್ನೊಂದು. ಸಂಪಿಗೆ ಬೇರೆ, ಸೀತಾಫಲ ಬೇರೆ. ಬಳಿ ಐದಾದರೂ ಮೂಲ ಒಂದೇ. ಇವನ್ನೆಲ್ಲ ಸೇರಿಸಿ ಮ್ಯಾಗ್ನೋಲಿಡ್ ಎನ್ನುತ್ತಾರೆ. ಎಲೆಯೊಳಗೆ ಎಣ್ಣೆ ತುಂಬಿದ ಜೀವಕೋಶಗಳು ಇವುಗಳ ಗುರುತು. ಡಿಎನ್‌ಎ ಕೂಡ ಅದನ್ನೇ ಹೇಳಿದೆ. ಕಾರ್ಕಳದ ಕಡೆಯ ಒಂದು ಹಳೇ ಅಡಿಕೆ ತೋಟ ಸುತ್ತಿದರೆ ಐದೂ ಸಿಕ್ಕಾವು.

ಆದರೆ ನನಗೆ ಜಾಸ್ತಿ ಮೋಜೆನಿಸುವ ನೆಂಟ ಸಮುದ್ರದ ದಂಡೆಯಲ್ಲಿದ್ದಾನೆ. ಮರಳಿನ ಪೊದೆಗಳ ಮೇಲೆ ಹಸಿರು, ಹಳದಿ ದಾರ ಸುತ್ತಿದಂತೆ ಹರಡುವ ಆಕಾಶಬಳ್ಳಿ ನೋಡಿದ್ದೀರಲ್ವಾ? ಆ ಹೆಸರಿನವು ಎರಡಿವೆ. ಒಂದು ಗೆಣಸಿನ ಕುಟುಂಬದ್ದು. ಇನ್ನೊಂದು, ಕಸೈತಾ, ಅಪ್ಪಟ ಲಾರೇಸಿ! ಎಲೆ ಇಲ್ಲ, ಇದ್ದರೂ ಕಣ್ಣಿಗೆ ಕಾಣದಷ್ಟು. ಇನ್ನೊಂದು ಗಿಡದ ರಸ ಹೀರಿ ಬದುಕು. ಮರ ಎಲ್ಲಿ, ಈ ದಾರ ಎಲ್ಲಿ? ಅದರ ಸಣ್ಣ ಹೂವನ್ನು ಭೂತಗನ್ನಡಿಯಲ್ಲಿ ನೋಡಿ. ಪರಾಗದ ಚೀಲ ಉದ್ದಕ್ಕೆ ಸೀಳುವುದಿಲ್ಲ, ಪುಟ್ಟ ಮುಚ್ಚಳ ಮೇಲಕ್ಕೆ ಎದ್ದು ತೆರೆಯುತ್ತದೆ. ದಾಲ್ಚಿನ್ನಿ ಹೂವಿನಲ್ಲೂ ಹಾಗೆಯೇ, ಬೆಣ್ಣೆಹಣ್ಣಿನಲ್ಲೂ ಹಾಗೆಯೇ.

ಘಟ್ಟದ ಬುಡ ಹತ್ತಿದರೆ, ಸೋಮೇಶ್ವರ, ಆಗುಂಬೆ ಕಡೆ, ಈ ಬಳಿಯ ಮರಗಳು ಇನ್ನೂ ಬಹಳ. ಅವುಗಳ ಹಣ್ಣಿಗೆ ಮಂಗಟ್ಟೆ, ಕಾಡುಪಾರಿವಾಳ ಬರುತ್ತವೆ. ಗುಳಮಾವಿನ ತೊಗಟೆಗೆ ಮಾತ್ರ ಮನುಷ್ಯರೇ ಬರುತ್ತಾರೆ, ಊದಿನಕಡ್ಡಿಯ ಅಂಟಿಗಾಗಿ. ಸುತ್ತಲೂ ಸುಲಿದರೆ ಮರ ಒಣಗಿತು ಅಂತಲೇ ಲೆಕ್ಕ.

ಇನ್ನು ಪಲಾವ್. ಹಿತ್ತಲಿನ ದಾಲ್ಚಿನ್ನಿ ಎಲೆ ಧಾರಾಳ ಹಾಕಿ. ಬುಡದಿಂದಲೇ ಮೂರು ನರ ಎದ್ದು ತುದಿಯತ್ತ ಓಡುತ್ತವೆ, ಗುರುತು ತಪ್ಪುವುದಿಲ್ಲ. ಬೆಣ್ಣೆಹಣ್ಣಿನ ಎಲೆಗೆ ನಡುನರ ಒಂದೇ, ಅದು ಬೇಡ. ಅದರಲ್ಲಿ ಪರ್ಸಿನ್ ಎಂಬ ವಿಷವಿದೆ, ದನ, ಆಡುಗಳಿಗೆ ಕೆಟ್ಟದ್ದು. ಗೆಲ್ಲು ಕಡಿದಾಗ ಸೊಪ್ಪನ್ನು ಸುಮ್ನೆ ಹಟ್ಟಿಯ ಕಡೆ ಎಸೆಯಬೇಡಿ.